ಕ್ರೋಶಾ ಕಡ್ಡಿಯ ಟೋಪಿ

ಅಮ್ಮನ ಕ್ರೋಶಾ ಕಡ್ಡಿಗಳ ತುದಿಗೆ ಪುಟ್ಟ ಪುಟ್ಟ ರಬ್ಬರ್ ಟೋಪಿಗಳಿದ್ದವು. ಕಪ್ಪು ಎರಡು, ಬೂದು ಬಣ್ಣದ್ದು ಎರಡು, ಬಿಳಿಯದೊಂದು. ಚೀಲದೊಳಗೆ ಕಡ್ಡಿಯ ಕೊಕ್ಕೆ ನೂಲಿಗೆ ಸಿಕ್ಕಿಕೊಳ್ಳದಿರಲಿ ಅಂತ ಅವಳೇ ಮಾಡಿಕೊಂಡ ಉಪಾಯ. ಅವು ಎಲ್ಲಿಂದ ಬಂದವು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕೇಳಿದ್ದರೆ ಕಡಿಮೆಯೆಂದರೂ ಆರೇಳು ಸಾವಿರ ರೂಪಾಯಿ ಉಳಿಯುತ್ತಿತ್ತು.

ಅವು ಇಯರ್‌ಫೋನಿನ ಟಿಪ್‌ಗಳು, ಕಿವಿಯ ತೂತಿನೊಳಗೆ ಕೂರುವ ಮೆತ್ತನೆಯ ತುದಿಗಳು. ಹೊಸ ಇಯರ್‌ಫೋನ್ ತಂದಾಗ ಡಬ್ಬದ ತಳದಲ್ಲಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣವೊಂದು ಇರುತ್ತದಲ್ಲ, ಚಿಕ್ಕದೊಂದು ಜೊತೆ, ದೊಡ್ಡದೊಂದು ಜೊತೆ, ಅವೇ. ಮಧ್ಯಮ ಅಳತೆಯದು ಹೇಗೂ ಕಂಪನಿಯಿಂದಲೇ ಸಿಕ್ಕಿಸಿಕೊಂಡು ಬಂದಿರುತ್ತದೆ. ಆ ಪೊಟ್ಟಣವನ್ನು ನಾನು ಬಿಚ್ಚಿಯೂ ನೋಡದೆ ಟೇಬಲ್ಲಿನ ಮೇಲೆ ಎಸೆಯುತ್ತಿದ್ದೆ. ನಮ್ಮದು ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಹಾಕುವ ಮನೆ. ಎಸೆದದ್ದು ಎಸೆದಲ್ಲೇ ಇರುವುದಿಲ್ಲ.

ನನಗೆ ಬೇಸ್‌ನ, ಅಂದರೆ ಹಾಡಿನ ತಳದಲ್ಲಿ ಗುಡುಗುವ ತಗ್ಗು ಸ್ವರಗಳ, ಹುಚ್ಚು ಹಿಡಿಸಿದ್ದು ಸ್ಪೀಕರ್ ಅಲ್ಲ, ಡೊಳ್ಳು. ನಾನು ಸಾಗರದ ಕಡೆಯವನು. ಹಬ್ಬಕ್ಕೋ ಜಾತ್ರೆಗೋ ಡೊಳ್ಳಿನ ತಂಡ ಬೀದಿಗಿಳಿದರೆ ಸದ್ದು ಕಿವಿಗೆ ಬೀಳುವುದಕ್ಕಿಂತ ಮೊದಲು ಎದೆಗೂಡಿಗೆ ಬೀಳುತ್ತಿತ್ತು. ಬಲಗೈಯಲ್ಲಿ ಕೋಲು, ಎಡಗೈಯಲ್ಲಿ ಬರೀ ಅಂಗೈ. ಹತ್ತು ಹನ್ನೆರಡು ಮಂದಿ ಒಟ್ಟಿಗೆ ಬಾರಿಸಿದಾಗ ಅಂಗಿಯ ಗುಂಡಿಯೂ ಅದುರುತ್ತದೆ ಅಂತ ನಾನು ಚಿಕ್ಕವನಿದ್ದಾಗ ನಂಬಿದ್ದೆ. ಈಗಲೂ ನಂಬುತ್ತೇನೆ. ಕುರುಬ ಸಮುದಾಯದವರು ಬೀರಲಿಂಗೇಶ್ವರನ ಸೇವೆಗೆಂದು ತಲೆಮಾರುಗಳಿಂದ ಬಾರಿಸಿಕೊಂಡು ಬಂದ ಆ ವಾದ್ಯದ ಮುಂದೆ ನಿಂತವನಿಗೆ 'ಬೇಸ್ ಅಂದರೇನು' ಎಂದು ಬೇರೆ ಯಾರೂ ವಿವರಿಸಬೇಕಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನಾನು ಹುಡುಕುತ್ತಿದ್ದದ್ದು ಅದನ್ನೇ. ಬಾಡಿಗೆ ಮನೆಯಲ್ಲಿ ಬೇಸ್‌ಗೆಂದೇ ಮಾಡಿದ ಸಬ್‌ವೂಫರ್ ಸ್ಪೀಕರ್ ಇಟ್ಟರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಉಳಿದದ್ದು ಇಯರ್‌ಫೋನ್ ಒಂದೇ. ಎಸ್.ಪಿ. ರಸ್ತೆಯ ಅಂಗಡಿಯವನೊಬ್ಬ "ಹಾಕ್ಕೊಂಡು ನೋಡಿ ಸಾರ್, ಎದೆ ನಡುಗ್ಬೇಕು" ಅಂದ. ತಂದೆ. ಎದೆ ನಡುಗಲಿಲ್ಲ. ಎರಡನೆಯದು ಆನ್‌ಲೈನಿನಲ್ಲಿ ತರಿಸಿದ್ದು. ಡಬ್ಬದ ಮೇಲೆ ಉತ್ಪನ್ನದ ಹೆಸರಿಗಿಂತ ದಪ್ಪ ಅಕ್ಷರದಲ್ಲಿ ಬೇಸ್ ಎಂದಿತ್ತು. ಅದರಲ್ಲೂ ಎಲ್ಲ ಹಾಡೂ ನೀರಿಲ್ಲದ ನಲ್ಲಿಯ ಹಾಗೆ ಸುಯ್ ಅನ್ನುತ್ತಿತ್ತು. ಮೂರನೆಯದಕ್ಕೆ ಮೂರು ಸಾವಿರ ಕೊಟ್ಟೆ. ಒಂದೇ ವಾರಕ್ಕೆ ಬೇಸರ ಬಂದು, ಪಿಯುಸಿ ಓದುತ್ತಿದ್ದ ಅಕ್ಕನ ಮಗನಿಗೆ ದಾನ ಮಾಡಿದೆ.

ಆಮೇಲೆ ದೀಪಾವಳಿಗೆ ಊರಿಗೆ ಹೋದಾಗ ಅವನು ಕಣ್ಣು ಮುಚ್ಚಿ ತಲೆ ಕುಣಿಸುತ್ತಾ ಕೂತಿದ್ದ. "ಮಾವ, ಏನ್ ಬೇಸ್ ಮಾರಾಯ್ರೆ ಇದು! ನೀವು ಯಾಕೆ ಕೊಟ್ರಿ?" ಅಂದ. ಕಿತ್ತುಕೊಂಡು ನನ್ನ ಕಿವಿಗೆ ಸಿಕ್ಕಿಸಿಕೊಂಡೆ. ಅದೇ ತಗಡು ಸದ್ದು. ಅವನಿಗೆ ವಾಪಸು ಕೊಟ್ಟರೆ ಮತ್ತೆ ತಲೆ ಕುಣಿಸುತ್ತಾನೆ. ನನ್ನ ಕಿವಿಯೇ ಹೋಯಿತೇನೋ ಅಂತ ಒಂದು ಗಳಿಗೆ ಹೆದರಿದ್ದುಂಟು. ಕೊನೆಗೆ ಅವನೇ, ಈ ಕಾಲದ ಹುಡುಗರಿಗಿರುವ ಅರ್ಧ ಕರುಣೆ ಅರ್ಧ ತಾತ್ಸಾರದಲ್ಲಿ, "ಬೆರಳಲ್ಲಿ ಸ್ವಲ್ಪ ಒಳಗೆ ಒತ್ತಿ ಹಿಡ್ಕೊಳಿ" ಅಂದ. ಒತ್ತಿದೆ.

ಡೊಳ್ಳು ಬಂತು. ಬೆರಳು ತೆಗೆದೆ, ಹೋಯಿತು.

ಅವನ ಕಿವಿಗೆ ಮಧ್ಯಮ ಟಿಪ್ ಸರಿಯಾಗಿ ಕೂರುತ್ತಿತ್ತು. ನನ್ನ ಬಲಗಿವಿಗೆ ಅದು ಅಷ್ಟಕ್ಕಷ್ಟೇ, ಎಡಗಿವಿಗೆ ಪೂರಾ ಸಡಿಲ. ಒಂದೇ ಮನುಷ್ಯನ ಎರಡು ಕಿವಿಯ ತೂತು ಒಂದೇ ಅಳತೆಯದಾಗಿರಬೇಕೆಂಬ ನಿಯಮ ಏನೂ ಇಲ್ಲ, ಚಪ್ಪಲಿ ಕೊಳ್ಳುವಾಗ ಒಂದು ಕಾಲು ತುಸು ಬಿಗಿಯಾಗುವ ಹಾಗೆಯೇ ಇದು. ಇಷ್ಟು ತಿಳಿಯಲು ನನಗೆ ಮೂರು ಇಯರ್‌ಫೋನ್ ಬೇಕಾದವು.

ಅವತ್ತಿನಿಂದ ಇದರ ಹಿಂದಿನ ವಿಜ್ಞಾನದ ಬೆನ್ನು ಹತ್ತಿದೆ. ನನಗೆ ಸಿಕ್ಕ ಅತ್ಯುತ್ತಮ ಉಪಮೆ ಕುಕ್ಕರ್. ಗ್ಯಾಸ್ಕೆಟ್ ಸಡಿಲವಾದ ಕುಕ್ಕರಿನಲ್ಲಿ ಎಷ್ಟು ಉರಿ ಹಾಕಿದರೂ ವಿಶಲ್ ಬರುವುದಿಲ್ಲ, ಹಬೆಯೆಲ್ಲ ಅಂಚಿನಿಂದಲೇ ಸೋರಿಹೋಗುತ್ತದೆ. ಕಿವಿಯೊಳಗಿನ ಕತೆಯೂ ಅದೇ. ಇಯರ್‌ಫೋನಿನ ಪೊರೆಗೂ ನಿಮ್ಮ ಕಿವಿತಮಟೆಗೂ ನಡುವೆ ಸಿಕ್ಕಿಬೀಳುವ ಗಾಳಿ ಹೆಚ್ಚೆಂದರೆ ಒಂದೆರಡು ಘನ ಸೆಂಟಿಮೀಟರ್. ಪೊರೆ ಮುಂದಕ್ಕೆ ಬಂದಾಗ ಆ ಗಾಳಿ ಒತ್ತಿಕೊಳ್ಳಬೇಕು, ಹಿಂದಕ್ಕೆ ಹೋದಾಗ ಸಡಿಲಗೊಳ್ಳಬೇಕು. ಸೆಕೆಂಡಿಗೆ ನಾಲ್ಕೈದು ಸಾವಿರ ಸಲ ಅದುರುವ ಕೀರಲು ಸದ್ದಿಗೆ ಅಂಚಿನ ಬಿರುಕಿನಿಂದ ಹೊರಗೆ ಜಾರಿಕೊಳ್ಳುವಷ್ಟು ಪುರುಸೊತ್ತು ಇರುವುದಿಲ್ಲ, ಅದು ಹೇಗೋ ಕಿವಿತಮಟೆ ಮುಟ್ಟುತ್ತದೆ. ಸೆಕೆಂಡಿಗೆ 40 ಸಲ ಮಾತ್ರ ಅದುರುವ ಬೇಸ್‌ಗೆ ಬೇಕಾದಷ್ಟು ಪುರುಸೊತ್ತು. ಕೂದಲೆಳೆಯಷ್ಟು ಸಂದಿ ಸಿಕ್ಕರೂ ಆರಾಮಾಗಿ ಹೊರಗೆ ನಡೆದುಬಿಡುತ್ತದೆ. ಹಾಗಾಗಿಯೇ ಸಡಿಲ ಟಿಪ್‌ನಲ್ಲಿ ಝಲ್ಲರಿ ಚೆನ್ನಾಗಿಯೇ ಕೇಳಿ ಬೇಸ್ ಮಾತ್ರ ಮಾಯವಾಗುವುದು, ಮತ್ತು ನನ್ನಂಥವರು ಕಂಪನಿಯನ್ನು ಬೈಯುವುದು.

ಇದರ ಮಗ್ಗುಲಲ್ಲೇ ಒಂದು ಸೋಜಿಗವೂ ಇದೆ. 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಸಲ ಅದುರುವ, ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು ಎಂಟೂವರೆ ಮೀಟರ್ ಉದ್ದ. ನಮ್ಮ ಹಳೇ ಮನೆಯ ಜಗುಲಿಯೇ ಅಷ್ಟುದ್ದ ಇರಲಿಲ್ಲ. ಕೋಣೆಯಲ್ಲಿ ಅಂಥ ಸದ್ದು ತುಂಬಿಸಬೇಕಾದರೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್ ಬೇಕು, ಅದು ಬುಸುಗುಡುತ್ತಾ ಹಿಂದೆ ಮುಂದೆ ಓಡಾಡಬೇಕು. ಅದೇ ಕೆಲಸವನ್ನು 10 ಮಿ.ಮೀ. ಅಗಲದ, ಅಂಗಿ ಗುಂಡಿಯಷ್ಟು ದೊಡ್ಡ ಪೊರೆ ಮಾಡುತ್ತದೆ, ಯಾಕೆಂದರೆ ಅದು ಕೋಣೆ ತುಂಬಿಸಬೇಕಿಲ್ಲ, ಒಂದು ಚಮಚಕ್ಕಿಂತ ಕಡಿಮೆ ಗಾಳಿಯನ್ನು ಅಲ್ಲಾಡಿಸಿದರೆ ಸಾಕು. ಆದರೆ ಷರತ್ತು ಒಂದೇ, ಬಾಗಿಲು ಮುಚ್ಚಿರಬೇಕು.

ಮುಚ್ಚಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಎರಡೂ ಕಿವಿಗೆ ಹಾಕಿಕೊಂಡು, ಹಾಡು ಹಚ್ಚದೆ, ಬಾಯಿ ಮುಚ್ಚಿ 'ಮ್‌ಮ್‌ಮ್' ಎಂದು ಗುನುಗಿ. ಕಿವಿಗೆ ಬೆರಳಿಟ್ಟು ಮಾತಾಡಿದಾಗ ನಮ್ಮ ದನಿ ತಲೆಯೊಳಗೇ ಗುಂಯ್‌ಗುಡುತ್ತದಲ್ಲ, ಅದೇ ರೀತಿ ಎರಡೂ ಕಡೆ ಒಂದೇ ಸಮ ಗುಂಯ್‌ಗುಟ್ಟಬೇಕು. ಒಂದು ಕಡೆ ದನಿ ತೆಳುವಾದರೆ ಆ ಕಡೆ ಸೋರುತ್ತಿದೆ ಅಂತಲೇ ಅರ್ಥ. ಇಯರ್‌ಫೋನ್ ಹಾಕಿಕೊಳ್ಳುವ ಕ್ರಮವೂ ಇದೆ. ಎಡಗಿವಿಗೆ ಹಾಕುವಾಗ ಬಲಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಮೇಷ್ಟ್ರು ಹಿಂಡುತ್ತಿದ್ದರಲ್ಲ ಹಾಗೆ. ಆಗ ಕಿವಿಯ ಕೊಳವೆ ತುಸು ನೆಟ್ಟಗಾಗಿ ಟಿಪ್ ಒಳಗೆ ಕೂರುತ್ತದೆ. ಮೆಟ್ರೋದಲ್ಲಿ ಹೀಗೆ ಮಾಡಿದರೆ ಜನ ನೋಡುತ್ತಾರೆ, ನೋಡಲಿ.

ಸಿಲಿಕೋನ್ ಟಿಪ್ ಯಾವುದೂ ಹೊಂದದಿದ್ದರೆ ಫೋಮ್‌ನದು ಸಿಗುತ್ತದೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ ಕಿವಿಗಿಟ್ಟು ಅರ್ಧ ನಿಮಿಷ ಹಿಡಿದುಕೊಂಡರೆ ಒಳಗೇ ಅರಳಿ ಸಂದಿಯನ್ನೆಲ್ಲ ತುಂಬುತ್ತದೆ. ಬೇಸ್ ಮಟ್ಟಿಗೆ ಅದಕ್ಕೆ ಎದುರಿಲ್ಲ. ಕೊಳೆ ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ಸೆಡೆತು ಹೋಗುತ್ತದೆ, ಮೇಲಿನ ಸ್ವರಗಳನ್ನು ಒಂಚೂರು ಮಂಕು ಮಾಡುತ್ತದೆ. ನಾನು ಫೋಮ್ ಬಿಟ್ಟದ್ದು ಈ ಯಾವ ಕಾರಣಕ್ಕೂ ಅಲ್ಲ. ಅದನ್ನು ಹಾಕಿಕೊಂಡಾಗ ಹೆಂಡತಿ ಕರೆದದ್ದು ಕೇಳಿಸುತ್ತಿರಲಿಲ್ಲ.

ಸರಿ, ಬಾಗಿಲು ಮುಚ್ಚಿತು. ಈಗ ಒಳಗೆ ಏನಿದೆ ಅನ್ನುವ ಪ್ರಶ್ನೆ. ಬೇಸ್ ಅಂದರೆ ಒಂದೇ ಪದಾರ್ಥ ಅಂತ ನಾನು ತಿಳಿದಿದ್ದೆ, ಉಪ್ಪಿನ ಹಾಗೆ, ಹೆಚ್ಚು ಇಲ್ಲವೇ ಕಡಿಮೆ. ಹಾಗಲ್ಲ. ಸುಮಾರು 20ರಿಂದ 60 ಹರ್ಟ್ಸ್‌ವರೆಗಿನದು ಒಂದು ಜಾತಿ, ಅದನ್ನು ಸಬ್‌ಬೇಸ್ ಅನ್ನುತ್ತಾರೆ. ಕೇಳುವುದಕ್ಕಿಂತ ಒತ್ತಡವಾಗಿ ಅನುಭವಕ್ಕೆ ಬರುವಂಥದ್ದು. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿಯ ಸ್ವರ 41 ಹರ್ಟ್ಸ್ ಆಸುಪಾಸು, ಪಿಯಾನೋದ ಎಡತುದಿಯ ಮನೆ 27.5 ಹರ್ಟ್ಸ್. 60ರಿಂದ 250ರವರೆಗಿನದು ಇನ್ನೊಂದು ಜಾತಿ, ಪೆಟ್ಟು ಪೆಟ್ಟಾಗಿ ಕೇಳುವುದು ಇದೇ. ಗಂಡಸಿನ ಮಾತಿನ ಮೂಲಸ್ವರ ಇರುವುದೂ ಇದೇ ಓಣಿಯಲ್ಲಿ. ಬೇಸ್ ಬೇಸ್ ಎಂದು ಮಾರುವ ಅಗ್ಗದ ಇಯರ್‌ಫೋನುಗಳಲ್ಲಿ ಬಹಳಷ್ಟು ಉಬ್ಬಿಸುವುದು ಈ ಎರಡನೆಯದನ್ನು, ಯಾಕೆಂದರೆ ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದವನಿಗೆ 'ಅಬ್ಬಾ' ಅನ್ನಿಸುವುದು ಅದೇ. ಮನೆಗೆ ಬಂದು ಒಂದು ತಾಸು ಕೇಳಿದರೆ ಹಾಡುಗಾರ ಕಂಬಳಿ ಹೊದ್ದುಕೊಂಡು ಹಾಡುತ್ತಿದ್ದಾನೆ ಅನ್ನಿಸುತ್ತದೆ. ಆಳವೇ ಬೇರೆ, ಊದಿಕೊಳ್ಳುವುದೇ ಬೇರೆ.

ಎರಡನ್ನೂ ಬೇರ್ಪಡಿಸಲು ನಾನು ಬಳಸುವುದು ಎಂಬತ್ತರ ದಶಕದ ಇಳಯರಾಜರ ಹಾಡುಗಳನ್ನು. ಅವರು ಕನ್ನಡಕ್ಕೆ ಮಾಡಿಕೊಟ್ಟವೂ ಸೇರಿ, ಆ ಹಾಡುಗಳಲ್ಲಿ ಬೇಸ್ ಗಿಟಾರ್ ತಾಳ ಹಿಡಿದು ಕೂರುವುದಿಲ್ಲ, ದನಿಯ ಅಡಿಯಲ್ಲಿ ತನ್ನದೇ ದಾರಿ ಹಿಡಿದು ಓಡಾಡುತ್ತಿರುತ್ತದೆ. ಒಳ್ಳೆಯ ಇಯರ್‌ಫೋನಿನಲ್ಲಿ ಆ ಓಡಾಟದ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುತ್ತದೆ. ಊದಿಕೊಂಡದ್ದರಲ್ಲಿ ಎಲ್ಲವೂ ಒಂದೇ ಧುಂ ಧುಂ. ಸ್ವರ ಬದಲಾದದ್ದು ತಿಳಿಯದಿದ್ದರೆ ಆ ಬೇಸ್ ಎಷ್ಟು ಜೋರಿದ್ದರೇನು, ನನಗಂತೂ ಬೇಡ. ಇದು ನನ್ನ ರುಚಿ, ಒಪ್ಪದವರು ಇರಬಹುದು.

ರುಚಿಯ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಸ್ಪೀಕರ್, ಹೆಡ್‌ಫೋನ್ ಮಾಡುವ ಹರ್ಮನ್ ಕಂಪನಿಯಲ್ಲಿ ಸಂಶೋಧಕ ಶಾನ್ ಆಲಿವ್ ಮತ್ತು ಸಂಗಡಿಗರು ವರ್ಷಗಟ್ಟಲೆ ಜನರನ್ನು ಕೂರಿಸಿ, ಯಾವ ಹೆಡ್‌ಫೋನ್ ಎಂದು ಹೇಳದೆ ಕೇಳಿಸಿ, ಯಾವುದು ಹಿಡಿಸಿತೆಂದು ಬರೆದುಕೊಂಡರು. ಬಹುಪಾಲು ಜನಕ್ಕೆ ಹಿಡಿಸಿದ್ದು ಕೆಳಗಿನ ಸ್ವರಗಳನ್ನು ಒಂದಿಷ್ಟು ಎತ್ತಿ ಕೊಟ್ಟ ಧ್ವನಿಯೇ. ಅದಕ್ಕಿಂತಲೂ ಹೆಚ್ಚು ಬೇಕು ಅಂದವರಲ್ಲಿ ಕಿರಿ ವಯಸ್ಸಿನ ಗಂಡಸರು ಜಾಸ್ತಿ. ನನ್ನ ಅಕ್ಕನ ಮಗನನ್ನು ನೋಡಿದ ಯಾರಿಗೂ ಇದರಲ್ಲಿ ಆಶ್ಚರ್ಯವಿಲ್ಲ. ಇಯರ್‌ಫೋನಿನಲ್ಲಿ ಬೇಸ್ ತುಸು ಹೆಚ್ಚೇ ಬೇಕೆನ್ನಿಸುವುದಕ್ಕೆ ನನ್ನದೇ ಒಂದು ಸಮಜಾಯಿಷಿಯೂ ಇದೆ. ಡೊಳ್ಳಿನ ಮುಂದೆ ನಿಂತಾಗ ಕಿವಿಯ ಜೊತೆ ಎದೆ, ಹೊಟ್ಟೆ, ಅಂಗಾಲು ಎಲ್ಲವೂ ಕೇಳಿಸಿಕೊಳ್ಳುತ್ತವೆ. ಇಯರ್‌ಫೋನ್ ಹಾಕಿದಾಗ ಅವಕ್ಕೆಲ್ಲ ರಜೆ. ಐದಾರು ಜನ ಹೊರುವ ಹೊರೆಯನ್ನು ಕಿವಿ ಒಂದೇ ಹೊರಬೇಕು.

ಡಬ್ಬದ ಮೇಲಿನ ಅಂಕಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. '20ರಿಂದ 20,000 ಹರ್ಟ್ಸ್' ಎಂದು ಬಹುತೇಕ ಡಬ್ಬಗಳ ಮೇಲೆ ಇರುತ್ತದೆ. 20 ಹರ್ಟ್ಸ್ ಎಷ್ಟು ಜೋರಾಗಿ ಕೇಳುತ್ತದೆ ಎಂದು ಹೇಳದಿದ್ದರೆ ಆ ಸಾಲು 'ನಮ್ಮ ಹೋಟೆಲಿನಲ್ಲಿ ಊಟ ಸಿಗುತ್ತದೆ' ಎಂಬ ಬೋರ್ಡಿಗಿಂತ ಹೆಚ್ಚೇನಲ್ಲ. ಡ್ರೈವರ್, ಅಂದರೆ ಪೊರೆ ಅದುರಿಸಿ ಸದ್ದು ಹೊರಡಿಸುವ ಭಾಗ, ದೊಡ್ಡದಾದಷ್ಟೂ ಬೇಸ್ ಹೆಚ್ಚು ಅನ್ನುವುದೂ ಅರ್ಧ ಸತ್ಯ. 6 ಮಿ.ಮೀ. ಡ್ರೈವರಿನಲ್ಲಿ ಆಳದ ಬೇಸ್ ಕೇಳಿದ್ದೇನೆ, 14 ಮಿ.ಮೀ. ಎಂದು ಬೀಗುವುದರಲ್ಲಿ ಗಾಳಿ ಬೀಸಿದ್ದನ್ನೂ ಕೇಳಿದ್ದೇನೆ. ಪೊರೆಯ ಹಿಂದಿರುವ ಗಾಳಿಗೂಡು, ಅದಕ್ಕೆ ಕೊರೆದ ಸೂಜಿಮೊನೆಯಷ್ಟು ತೂತು, ಪೊರೆಯ ಬಿಗುವು ಎಲ್ಲ ಸೇರಿ ಆ ಸದ್ದು. ಬೇಸ್‌ಗೆ ಸಾಮಾನ್ಯವಾಗಿ ನೆಚ್ಚುವುದು ಸುರುಳಿ ಮತ್ತು ಆಯಸ್ಕಾಂತದ ಡೈನಾಮಿಕ್ ಡ್ರೈವರನ್ನು. ಶ್ರವಣಯಂತ್ರಗಳ ಕಡೆಯಿಂದ ಬಂದ ಬ್ಯಾಲೆನ್ಸ್ಡ್ ಆರ್ಮೇಚರ್ ಎಂಬ ಇನ್ನೊಂದು ಬಗೆ ಚುರುಕು, ಸ್ಪಷ್ಟ. ಆದರೆ ಟಿಪ್ ಸಡಿಲವಾದರೆ ಬೇಸ್ ಮಟ್ಟಿಗೆ ಇನ್ನೂ ಬೇಗ ಕೈಕೊಡುತ್ತದೆ. ಟ್ರೂತಿಯರ್ ಝೀರೋ ಥರದ ಇಯರ್‌ಫೋನುಗಳು ಎರಡು ಡೈನಾಮಿಕ್ ಡ್ರೈವರ್ ಇಟ್ಟು, 10 ಮಿ.ಮೀ.ಯದಕ್ಕೆ ಬರೀ ತಳದ ಸ್ವರ, 7.8 ಮಿ.ಮೀ.ಯದಕ್ಕೆ ಉಳಿದದ್ದು ಎಂದು ಕೆಲಸ ಹಂಚಿಕೊಡುತ್ತವೆ. ಬೇಸ್ ಊದಿಕೊಂಡು ದನಿಯ ಮೇಲೆ ಹರಿಯದಂತೆ ಕಟ್ಟಿದ ಬದು ಅದು.

ಕೆಲಸ ಹಂಚುವುದು ನಮ್ಮ ವಾದ್ಯಗಳಿಗೇನೂ ಹೊಸದಲ್ಲ. ಮೃದಂಗದ ಬಲಗಡೆ ಕರಣೆ ಎಂಬ ಕಪ್ಪು ಲೇಪ, ತೊಪ್ಪಿ ಎನ್ನುವ ಎಡಮುಖಕ್ಕೆ ಕಛೇರಿಗೆ ಮುಂಚೆ ನೀರಲ್ಲಿ ಕಲಸಿದ ರವೆಯ ಮುದ್ದೆ. ಚರ್ಮದ ಮೇಲೆ ಭಾರ ಕೂತಷ್ಟೂ ಅದು ನಿಧಾನವಾಗಿ ಅದುರುತ್ತದೆ, ಸ್ವರ ತಗ್ಗುತ್ತದೆ. ಬಾರಿಸುವವರು ಒಂದು ಚಿಟಿಕೆ ರವೆ ಹಚ್ಚುತ್ತಾ, ಒಂದು ಚಿಟಿಕೆ ಕೀಳುತ್ತಾ, ಬೇಸ್ ಎಷ್ಟಿರಬೇಕೆಂದು ಕಿವಿಯಿಂದಲೇ ತೀರ್ಮಾನಿಸುತ್ತಾರೆ. ಬಲಗಡೆಯ ಆ ಕರಣೆ ಹೇಗೆ ಚರ್ಮದ ಅಡ್ಡಾದಿಡ್ಡಿ ಕಂಪನಗಳನ್ನು ಸ್ವರಕ್ಕೆ ಹೊಂದುವಂತೆ ಕಟ್ಟಿಹಾಕುತ್ತದೆ ಎಂದು ಸಿ.ವಿ. ರಾಮನ್ ಬರೆದದ್ದು 1934ರಲ್ಲಿ, ಇದೇ ಬೆಂಗಳೂರಿನಲ್ಲಿದ್ದಾಗ. ನೊಬೆಲ್ ಬಂದು ನಾಲ್ಕು ವರ್ಷ ಕಳೆದ ಮೇಲೂ ಮೃದಂಗ, ತಬಲಾಗಳ ಬಗ್ಗೆ ತಲೆಕೆಡಿಸಿಕೊಂಡಿದ್ದ ಆ ಮನುಷ್ಯನ ಮೇಲೆ ನನಗೆ ಬೇರೆಯೇ ಅಕ್ಕರೆ.

ಮತ್ತೆ ಇಯರ್‌ಫೋನಿಗೆ. ಮನೆಯಲ್ಲಿ ಅಷ್ಟು ಚೆನ್ನಾಗಿದ್ದ ಬೇಸ್ ಮೆಟ್ರೋ ಹತ್ತಿದ ಕೂಡಲೇ ಸಪ್ಪೆಯಾಗುತ್ತದೆ. ಚಕ್ರದ ಗುಡುಗುಡು, ಸುರಂಗದ ಗಾಳಿ, ಬಸ್ಸಾದರೆ ಇಂಜಿನ್ನು, ಇವೆಲ್ಲವೂ ತಗ್ಗಿನ ಸ್ವರದ ಸದ್ದುಗಳೇ. ಹಾಡಿನ ಬೇಸನ್ನು ನುಂಗುತ್ತವೆ. ಸದ್ದಡಗಿಸುವ ನಾಯ್ಸ್ ಕ್ಯಾನ್ಸಲೇಶನ್ ಚೆನ್ನಾಗಿ ಕೆಲಸ ಮಾಡುವುದೂ ಇಂಥ ಒಂದೇ ಸಮನೆ ಮೊರೆಯುವ ತಗ್ಗು ಸದ್ದಿನ ಮೇಲೆಯೇ. ಹಾಗಾಗಿ ದಿನಾ ಓಡಾಡುವವರಿಗೆ ಆ ಸೌಲಭ್ಯವಿರುವ ವೈರ್‌ಲೆಸ್ ಇಯರ್‌ಬಡ್ಸ್‌ಗೆ ದುಡ್ಡು ಕೊಡುವುದು ದಂಡವಲ್ಲ ಅನ್ನುತ್ತೇನೆ. ಕೆಲವು ದುಬಾರಿಯವು, ಆಪಲ್‌ನ ಏರ್‌ಪಾಡ್ಸ್ ಪ್ರೊ ಥರದವು, ಕಿವಿಯೊಳಗೆ ಮುಖ ಮಾಡಿದ ಮೈಕಿನಿಂದ ನಿಮಗೆ ಎಷ್ಟು ಬೇಸ್ ತಲುಪುತ್ತಿದೆ ಎಂದು ತಾವೇ ಕೇಳಿಕೊಂಡು ತಿದ್ದಿಕೊಳ್ಳುತ್ತವೆ. ಮನೆಯಲ್ಲಿ ಕೂತು ಕೇಳುವವರಿಗೆ ಇದೇನೂ ಬೇಡ. ಎರಡು ಸಾವಿರದೊಳಗಿನ ವೈರಿನದೇ ಸಾಕು, ಬ್ಯಾಟರಿ ಸಾಯುವ ಭಯವೂ ಇಲ್ಲ.

ಇದ್ದದ್ದರಲ್ಲೇ ಬೇಸ್ ಸಾಲದಿದ್ದರೆ ಹೊಸದು ಕೊಳ್ಳುವ ಮೊದಲು ಈಕ್ವಲೈಸರ್, ಅಂದರೆ ತಗ್ಗು ಸ್ವರ, ಮೇಲಿನ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸೆಟ್ಟಿಂಗ್, ಮುಟ್ಟಿ. ಬೇಸ್ ಆರು ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಎತ್ತಿದಿರಿ ಅಂದರೆ ಆ ಸ್ವರಗಳ ಮಟ್ಟಿಗೆ ನಾಲ್ಕು ಪಟ್ಟು ಶಕ್ತಿ ಕೇಳಿದಂತೆ. ಹಾಡು ಮೊದಲೇ ಕಂಠಮಟ್ಟ ತುಂಬಿಕೊಂಡಿರುತ್ತದೆ, ಮೇಲೆ ಸುರಿದದ್ದು ಚೆಲ್ಲುತ್ತದೆ, ಚೆಲ್ಲಿದ್ದು ಕೇಳುವುದು ಬರಬರ ಎಂದು. ಆದ್ದರಿಂದ ಒಟ್ಟು ಸದ್ದನ್ನು ಏರಿಸಿ ಇಳಿಸುವ ಪ್ರಿಆಂಪ್ ಎಂಬ ಜಾರುಪಟ್ಟಿಯನ್ನು ಮೊದಲು ಅಷ್ಟೇ ಆರು ಡೆಸಿಬೆಲ್ ಇಳಿಸಿ, ಆಮೇಲೆ ಬೇಸ್ ಏರಿಸಬೇಕು. ಈ ಒಂದು ಮಾತು ತಿಳಿಯದೆ ಎಷ್ಟೋ ಜನ ಇಯರ್‌ಫೋನ್ ಒಡೆದಿದೆ ಎಂದು ವಾಪಸು ಕಳಿಸುತ್ತಾರೆ.

ಅಕ್ಕನಿಗೆ ಮಾತ್ರ ನನ್ನ ಮೇಲೆ ಸಿಟ್ಟಿತ್ತು. "ಹುಡುಗನ ಕಿವಿ ಹಾಳು ಮಾಡ್ತಿದ್ದೀಯ" ಅಂತ. ಅವಳ ಸಿಟ್ಟಿನಲ್ಲಿ ನ್ಯಾಯವಿದೆ. ನಮ್ಮ ಕಿವಿಗೆ ತಗ್ಗು ಸ್ವರ ಮೊದಲೇ ಮಂದ. 1933ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಎಂಬ ಸಂಶೋಧನಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು: ಸದ್ದು ಸಣ್ಣದಿದ್ದಾಗ ಬೇಸ್ ನಮಗೆ ಉಳಿದದ್ದಕ್ಕಿಂತ ಬಹಳ ಕಡಿಮೆ ಕೇಳುತ್ತದೆ, ವಾಲ್ಯೂಮ್ ಏರಿಸಿದಂತೆ ಆ ಅಂತರ ಕುಗ್ಗುತ್ತದೆ. ಬೇಸ್ ಪ್ರಿಯರ ಹೆಬ್ಬೆರಳು ತಂತಾನೇ ವಾಲ್ಯೂಮ್ ಗುಂಡಿಗೆ ಹೋಗುವುದು ಇದರಿಂದ. ಬೇಸ್ ಸಿಗುವ ಹೊತ್ತಿಗೆ ಮೇಲಿನ ಸ್ವರಗಳು ಕಿವಿಯ ಒಳಗಿನ ಎಳೆ ಎಳೆ ಕೂದಲುಕೋಶಗಳನ್ನು ಜಜ್ಜುತ್ತಿರುತ್ತವೆ, ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಆದರೆ ವಾರಕ್ಕೆ 40 ತಾಸು. ಮೂರು ಡೆಸಿಬೆಲ್ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ, 83ಕ್ಕೆ 20 ತಾಸು, 86ಕ್ಕೆ 10. ಹಾಗೆ ನೋಡಿದರೆ ಬಿಗಿಯಾಗಿ ಕೂತ ಟಿಪ್ ಕಿವಿಗೆ ಶತ್ರುವಲ್ಲ, ಕಾವಲುಗಾರ: ಹೊರಗಿನ ಗಲಾಟೆ ತಡೆಯುತ್ತದೆ, ಬೇಸ್ ಉಳಿಸಿಕೊಡುತ್ತದೆ, ವಾಲ್ಯೂಮ್ ಮುಟ್ಟುವ ಪ್ರಮೇಯ ಬರುವುದಿಲ್ಲ. ಇದನ್ನು ಅಕ್ಕನಿಗೆ ವಿವರಿಸಿದೆ. "ನಿನ್ನ ಕಿವಿ ನಿಂಗೆ, ಅವನ ಫೋನ್ ನಂಗೆ" ಎಂದು ಸೆಟ್ಟಿಂಗ್ಸ್‌ನಲ್ಲಿ ವಾಲ್ಯೂಮ್‌ಗೆ ಮಿತಿ ಹಾಕಿಸಿಕೊಂಡಳು.

ಸಾಗರದ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ. ಕಳೆದ ಸಲ ಹೋದಾಗ ಡೊಳ್ಳಿನ ತಂಡದ ಎದುರು ಫೋನ್ ಹಿಡಿದು ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಮನೆಯಲ್ಲಿ, ಎಡಕ್ಕೆ ದೊಡ್ಡ ಟಿಪ್ ಬಲಕ್ಕೆ ಮಧ್ಯಮದ್ದು ಸರಿಯಾಗಿ ಕೂರಿಸಿ, ಗುನುಗಿ ಪರೀಕ್ಷೆ ಮಾಡಿ, ಹಚ್ಚಿದೆ. ಟಪ್ ಟಪ್ ಟಪ್. ತಗಡಿನ ಡಬ್ಬದ ಮೇಲೆ ಮಳೆಹನಿ. ಮಾತಿಗೆಂದು ಮಾಡಿದ ಫೋನಿನ ಮೈಕು ಅಷ್ಟು ಆಳದ, ಅಷ್ಟು ಜೋರಿನ ಸದ್ದನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ. ಒಳಗೆ ಬರದೇ ಇದ್ದದ್ದನ್ನು ಯಾವ ಇಯರ್‌ಫೋನ್ ತಾನೇ ಕೇಳಿಸೀತು. ಕಿಟಕಿ ತೆರೆದೆ. ದೂರದಲ್ಲಿ ಇನ್ನೂ ಬಾರಿಸುತ್ತಿದ್ದರು, ಕೋಲಿನ ಟಪ್ ಅಲ್ಲಿಯವರೆಗೆ ಬರುತ್ತಿರಲಿಲ್ಲ, ಬರೀ ಧುಂ ಬರುತ್ತಿತ್ತು.

ಅಕ್ಕನ ಮಗ ಈಗ ಮೈಸೂರಿನ ಹಾಸ್ಟೆಲಿನಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿ, "ಮಾವ, ಬಲಗಡೆ ಟಿಪ್ ಬಿದ್ದೋಯ್ತು, ಕಪ್ಪು ಬಣ್ಣದ್ದು, ನಿಮ್ಮತ್ರ ಇದ್ಯಾ?" ಅಂದ. ಅಮ್ಮನ ಚೀಲ ತೆಗೆದೆ. ಬಿಳಿಯದು ಆಗಲೇ ನನ್ನ ಎಡಗಿವಿಗೆ ಬಂದಾಗಿತ್ತು. ಕಪ್ಪನೆಯದಕ್ಕೆ ಕೈ ಹಾಕುತ್ತಿದ್ದಂತೆ ಒಳಗಿನಿಂದ ದನಿ ಬಂತು.

"ಅದನ್ನೂ ಕಿತ್ಕೊಂಡ್ ಹೋಗ್ತೀಯೇನೋ? ಮೂರನೇ ನಂಬರ್ ಕಡ್ಡಿದು ಅದು. ಮೊದ್ಲು ಬೇರೆ ಟೋಪಿ ತಂದ್ಕೊಟ್ಟು ಆಮೇಲೆ ತಗೊಂಡ್ ಹೋಗು."